ಕ್ರೂಸ್‌ನ ಫಾರ್ಮಲ್ ನೈಟ್: ಕೋಟೇ ಬೇಕಾ, ಸೀರೆ ಸಾಕಾ?

ಕ್ರೂಸ್, ಅಂದರೆ ಹಡಗಿನ ಪ್ರವಾಸ, ಬುಕ್ ಮಾಡುವವರೆಗೆ ಎಲ್ಲ ಸಲೀಸು. ದುಡ್ಡು ಕಟ್ಟಿ ಆದ ಮೇಲೆ ಒಂದು ಮೇಲ್ ಬರುತ್ತದೆ. ನಿಮ್ಮ ಟ್ರಿಪ್‌ನಲ್ಲಿ ಎರಡು ಫಾರ್ಮಲ್ ನೈಟ್ ಇವೆ, ತಕ್ಕ ಬಟ್ಟೆ ತನ್ನಿ ಅಂತ. ಜೊತೆಗೆ ಒಂದು ಫೋಟೋ. ಕಪ್ಪು ಕೋಟು, ಬೋ ಟೈ ಹಾಕಿದ ಗಂಡಸು. ನೆಲ ಗುಡಿಸುವಷ್ಟು ಉದ್ದದ ಗೌನ್ ತೊಟ್ಟ ಹೆಂಗಸು. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ಕೋಟು ಹೊಲಿಸಬೇಕಾ? ಸೀರೆ ಉಟ್ಟರೆ ಒಳಗೆ ಬಿಡುತ್ತಾರಾ? ಇಷ್ಟೆಲ್ಲ ಯಾಕೆ, ಸುಮ್ನೆ ಜೀನ್ಸ್‌ನಲ್ಲೇ ಹೋದರೆ ಏನಾಗುತ್ತದೆ?

ನಮ್ಮ ಮೊದಲ ಕ್ರೂಸ್ ಸಿಂಗಾಪುರದಿಂದ, 4 ರಾತ್ರಿಯದ್ದು. ಒಂದೇ ಒಂದು ಫಾರ್ಮಲ್ ನೈಟ್. ನಮ್ಮನೆಯವರು ಬೀರುವಿನಿಂದ ಮಗಳ ರಿಸೆಪ್ಷನ್‌ಗೆ ಹೊಲಿಸಿದ್ದ ಕೋಟು ತೆಗೆದರು. ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಅಂತರ. ಟೈಲರ್ ಹತ್ತಿರ ಬಿಚ್ಚಿಸಿ ಸಡಿಲ ಮಾಡಿಸಿದ್ದಾಯಿತು. ಸೂಟ್‌ಕೇಸಿನ ಅರ್ಧ ಜಾಗ ಅದಕ್ಕೇ ಹೋಯಿತು. ಇಷ್ಟೆಲ್ಲ ಮಾಡಿ ಡೈನಿಂಗ್ ಹಾಲ್‌ಗೆ ಹೋದರೆ ಅಕ್ಕಪಕ್ಕದ ಟೇಬಲ್‌ಗಳಲ್ಲಿ ಮುಕ್ಕಾಲು ಜನ ಬರೀ ಪ್ಯಾಂಟು, ಕಾಲರ್ ಇರುವ ಶರ್ಟಿನಲ್ಲಿದ್ದರು. ಇವರು ಉಸಿರು ಬಿಗಿ ಹಿಡಿದುಕೊಂಡೇ ಸೂಪು ಮುಗಿಸಿದರು.

ಎರಡನೆಯದು ಸಿಯಾಟಲ್‌ನಿಂದ ಅಲಾಸ್ಕಾಕ್ಕೆ, 7 ರಾತ್ರಿ. ಮಗಳು, ಅಳಿಯ, ಮೊಮ್ಮಗ, ನಾವಿಬ್ಬರು, ಜೊತೆಗೆ 74ರ ನಮ್ಮ ಅತ್ತೆ. ಆ ಸಲ ಕೋಟು ತರಲೇ ಇಲ್ಲ. ಈ ಎರಡು ಪ್ರವಾಸಗಳ ನಡುವೆ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಹಡಗಿನ ಸ್ವಭಾವ ತಿಳಿದುಕೊಳ್ಳಿ

ಎಲ್ಲ ಹಡಗಿಗೂ ಒಂದೇ ಕಾನೂನಿಲ್ಲ. ಬಟ್ಟೆ ಕೊಳ್ಳಲು ಓಡುವ ಮೊದಲು ನಿಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ಡ್ರೆಸ್ ಕೋಡ್ ಪುಟ ತೆರೆದು ಓದಿ. ಏಜೆಂಟ್ ಹೇಳಿದ್ದನ್ನು ಮಾತ್ರ ನಂಬಿ ಕೂರಬೇಡಿ. ಅವರಲ್ಲಿ ಅರ್ಧ ಜನ ಹಡಗು ಹತ್ತಿರುವುದಿಲ್ಲ.

ಒಂದು ತುದಿಯಲ್ಲಿ ಕುನಾರ್ಡ್ ಕಂಪನಿ ಇದೆ. ಕ್ವೀನ್ ಮೇರಿ 2 ಹಡಗು ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಅಟ್ಲಾಂಟಿಕ್ ದಾಟುತ್ತದಲ್ಲ, ಅದು ಇವರದ್ದು. ಇಲ್ಲಿ ಫಾರ್ಮಲ್ ನೈಟ್‌ಗೆ ಗಾಲಾ ಈವ್ನಿಂಗ್ ಅನ್ನುತ್ತಾರೆ. ಸಂಜೆ 6 ಗಂಟೆಯ ನಂತರ ಡ್ರೆಸ್ ಕೋಡ್ ಜಾರಿ. ಗಾಲಾ ರಾತ್ರಿ ಗಂಡಸರಿಗೆ ಟಕ್ಸಿಡೋ (ಬೋ ಟೈ ಜೊತೆ ಹಾಕುವ ಕಪ್ಪು ಕೋಟು) ಅಥವಾ ಗಾಢ ಬಣ್ಣದ ಸೂಟು, ಹೆಂಗಸರಿಗೆ ಗೌನು. ಅವರವರ ದೇಶದ ಸಾಂಪ್ರದಾಯಿಕ ಉಡುಪೂ ನಡೆಯುತ್ತದೆ. ಈ ಕೊನೆಯ ಸಾಲು ನಮಗೆ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ. ಜೊತೆಗೆ ಥೀಮ್ ಬೇರೆ: ಒಂದು ರಾತ್ರಿ ಕಪ್ಪು-ಬಿಳುಪು, ಇನ್ನೊಂದು ರಾತ್ರಿ ಮುಖವಾಡ. ಈ ಹಡಗು ಹತ್ತುವವರಲ್ಲಿ ಬಹಳ ಜನ ಡ್ರೆಸ್ ಮಾಡಿಕೊಳ್ಳಲೆಂದೇ ಹತ್ತುತ್ತಾರೆ.

ಇನ್ನೊಂದು ತುದಿಯಲ್ಲಿ ನಾರ್ವೇಜಿಯನ್ ಕಂಪನಿ. 2000ರಲ್ಲೇ ಫ್ರೀಸ್ಟೈಲ್ ಅಂತ ಘೋಷಿಸಿ ಕಡ್ಡಾಯದ ಫಾರ್ಮಲ್ ನೈಟ್ ಕೈಬಿಟ್ಟರು. ವೈಕಿಂಗ್ ಹಡಗುಗಳಲ್ಲೂ ಇಲ್ಲ. ಸೆಲೆಬ್ರಿಟಿ ಕಂಪನಿ 2015ರಲ್ಲಿ ಫಾರ್ಮಲ್ ಅನ್ನುವ ಹೆಸರನ್ನೇ ತೆಗೆದು ಈವ್ನಿಂಗ್ ಶಿಕ್ ಅಂತ ಮಾಡಿತು. ಅಂದರೆ ಚೆನ್ನಾಗಿ ಕಾಣಿ, ಟೈ ನಿಮ್ಮಿಷ್ಟ. ವರ್ಜಿನ್ ವಾಯೇಜಸ್‌ನಲ್ಲಿ ಡ್ರೆಸ್ ಕೋಡ್ ಇಲ್ಲ, ಆದರೆ ಸ್ಕಾರ್ಲೆಟ್ ನೈಟ್ ಅಂತ ಒಂದು ರಾತ್ರಿ ಹಡಗೆಲ್ಲ ಕೆಂಪು.

ನಮ್ಮಂಥವರು ಜಾಸ್ತಿ ಹತ್ತುವುದು ನಡುವಿನ ಹಡಗುಗಳನ್ನು. ರಾಯಲ್ ಕೆರಿಬಿಯನ್, ಕಾರ್ನಿವಲ್, ಪ್ರಿನ್ಸೆಸ್, ಎಂಎಸ್‌ಸಿ. ಇಲ್ಲಿ ಹೆಸರು ಬೇರೆ ಬೇರೆ. ಕಾರ್ನಿವಲ್‌ನಲ್ಲಿ ಎಲಿಗೆಂಟ್ ನೈಟ್ ಅನ್ನುತ್ತಾರೆ. ಕೋಟು ಹಾಕಿದವರೂ ಇರುತ್ತಾರೆ, ಹಾಕದವರೂ ಇರುತ್ತಾರೆ. ಲೆಕ್ಕ ಸುಮಾರಾಗಿ ಹೀಗೆ: 3ರಿಂದ 5 ರಾತ್ರಿಯ ಟ್ರಿಪ್ ಆದರೆ ಒಂದು, 7 ರಾತ್ರಿ ಆದರೆ ಎರಡು.

ಊರೂ ಲೆಕ್ಕಕ್ಕೆ ಬರುತ್ತದೆ. ಅಟ್ಲಾಂಟಿಕ್ ದಾಟುವ ಹಡಗಿನಲ್ಲಿ ದಿನಗಟ್ಟಲೆ ಬರೀ ನೀರು, ಜನರಿಗೆ ಅಲಂಕಾರಕ್ಕೆ ಬೇಕಾದಷ್ಟು ಪುರುಸೊತ್ತು. ಅಲಾಸ್ಕಾದಲ್ಲಿ ಹಾಗಲ್ಲ. ಬೆಳಿಗ್ಗೆ ಜೂನೋದಲ್ಲಿ ಇಳಿದು ಮಳೆಯಲ್ಲಿ ನೆಂದು, ಹಿಮನದಿ ನೋಡಿ ವಾಪಸ್ ಬಂದವರಿಗೆ ಮೊದಲು ಬೇಕಾಗುವುದು ಬಿಸಿ ಸೂಪು. ಅಲ್ಲಿ ಜರ್ಕಿನ್ನೇ ರಾಷ್ಟ್ರೀಯ ಉಡುಪು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಹೊತ್ತಿಗೆ. ನಾವು 5:30ರ ಮೊದಲ ಪಂಕ್ತಿಗೆ ರೇಷ್ಮೆ ಉಟ್ಟು ಹೊರಟಾಗ ಹೊರಗೆ ಮಧ್ಯಾಹ್ನದ ಹಾಗೆ ಬಿಸಿಲು. ಮದುವೆಯ ಮುಹೂರ್ತದ ಊಟಕ್ಕೆ ಹೋದ ಹಾಗಿತ್ತು.

ಆ ರಾತ್ರಿ ಊಟ ಎಲ್ಲಿ?

ಎಲ್ಲರೂ ಏನು ಹಾಕೋಣ ಅಂತ ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಆ ರಾತ್ರಿ ಎಲ್ಲಿ ಊಟ ಮಾಡುತ್ತೀರಿ ಅಂತ ತೀರ್ಮಾನ ಮಾಡಿ. ಡ್ರೆಸ್ ಕೋಡ್ ಮುಖ್ಯವಾಗಿ ಅಂಟಿಕೊಂಡಿರುವುದು ದೊಡ್ಡ ಡೈನಿಂಗ್ ಹಾಲ್‌ಗೆ, ಇನ್ನೊಂದೆರಡು ದುಬಾರಿ ರೆಸ್ಟೋರೆಂಟ್‌ಗೆ. ಮೇಲಿನ ಡೆಕ್‌ನ ಬಫೆಗೆ ಅಲ್ಲ. ಪಿಜ್ಜಾ ಕೌಂಟರ್‌ಗೆ ಅಲ್ಲ. ಕ್ಯಾಬಿನ್‌ಗೇ ಊಟ ತರಿಸಿಕೊಂಡರೆ ನಿಮ್ಮ ಲುಂಗಿ ಕೇಳುವವರು ಯಾರೂ ಇಲ್ಲ. ಕಟ್ಟುನಿಟ್ಟಿನ ಕ್ವೀನ್ ಮೇರಿಯಲ್ಲೂ ಡ್ರೆಸ್ ಮಾಡದವರಿಗೆ ಕಿಂಗ್ಸ್ ಕೋರ್ಟ್ ಬಫೆ, ಗೋಲ್ಡನ್ ಲಯನ್ ಪಬ್ ಇದ್ದೇ ಇವೆ.

ಆದ್ದರಿಂದ ಫಾರ್ಮಲ್ ನೈಟ್ ಅಂದರೆ ಭಯಪಡುವ ವಿಷಯ ಅಲ್ಲ. ಬೇಡ ಅಂದರೆ ಬಫೆಗೆ ಹೋಗಿ. ಆದರೆ ಒಂದು ನೆನಪಿರಲಿ. ದೊಡ್ಡ ಹಾಲ್‌ನಲ್ಲಿ ಆ ರಾತ್ರಿಯ ಮೆನು ಸಾಮಾನ್ಯವಾಗಿ ಒಂದು ಕೈ ಮೇಲೆ. ಮಾಂಸ-ಮೀನು ತಿನ್ನುವವರಿಗೆ ಲಾಬ್‌ಸ್ಟರ್ ಬರುವುದೂ ಹೆಚ್ಚಾಗಿ ಇಂಥ ರಾತ್ರಿಯೇ. ಅಳಿಯ ಎರಡು ತಟ್ಟೆ ಮುಗಿಸಿದ. ಸಸ್ಯಾಹಾರಿಗಳು ಹಿಂದಿನ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿದರೆ ಮರುದಿನ ಮೆನುವಿನಲ್ಲಿ ಇಲ್ಲದ ಇಂಡಿಯನ್ ಊಟ ಬರುತ್ತದೆ. ಈ ಹಡಗುಗಳಲ್ಲಿ ಗೋವಾ, ಮಂಗಳೂರು, ಮುಂಬೈ ಕಡೆಯ ಹುಡುಗರು ಬಹಳ. ನಮ್ಮ ಟೇಬಲ್‌ನ ವೇಟರ್ ಅತ್ತೆಯ ಸೀರೆ ನೋಡಿ ಮೆಲ್ಲಗೆ "ಅಮ್ಮ, ಊಟಕ್ಕೆ ಅನ್ನ-ಸಾರು ಬೇಕಾ?" ಅಂದ. ಮೂಡಬಿದಿರೆಯವನು. ಅತ್ತೆಗೆ ಆ ಹಡಗಿನಲ್ಲಿ ಹಿಮನದಿಗಿಂತ ದೊಡ್ಡ ಆಶ್ಚರ್ಯ ಅದೇ.

ಹಾಲ್‌ಗೆ ಹೋಗುವುದಾದರೆ ಮಾತ್ರ ಕನಿಷ್ಠ ಮರ್ಯಾದೆ ಬೇಕು. ಚಡ್ಡಿ, ತೋಳಿಲ್ಲದ ಬನಿಯನ್ ತರದ ಟೀ ಶರ್ಟು, ಈಜುವ ಬಟ್ಟೆ, ಬಾತ್‌ರೂಮ್ ಚಪ್ಪಲಿ, ಕ್ಯಾಪು ಬೇಡ. ನಮ್ಮ ಮುಂದೆಯೇ ಮಂಡಿಯವರೆಗಿನ ಚಡ್ಡಿ ಹಾಕಿಕೊಂಡು ಬಂದ ಒಬ್ಬರನ್ನು ಬಾಗಿಲಲ್ಲಿದ್ದ ಹುಡುಗಿ ನಗುನಗುತ್ತಾ ಬಫೆ ದಾರಿ ತೋರಿಸಿ ಕಳಿಸಿದಳು. ಅವರ ಹಿಂದೆಯೇ ಇದ್ದವರು ನಮ್ಮನೆಯವರು, ಪಂಚೆಯಲ್ಲಿ. ನನಗೆ ಎದೆ ಢವಢವ. ಆಕೆ ಒಂದು ಕ್ಷಣ ನೋಡಿದಳು. "ಬ್ಯೂಟಿಫುಲ್" ಅಂದು ಒಳಗೆ ಬಿಟ್ಟಳು. ಚಡ್ಡಿ ಹೊರಗೆ, ಪಂಚೆ ಒಳಗೆ!

ಥಿಯೇಟರ್‌ನ ಶೋ, ಹಾಡು, ಕುಣಿತಕ್ಕೆ ಹೆಚ್ಚಿನ ಹಡಗುಗಳಲ್ಲಿ ಯಾರೂ ತಡೆಯುವುದಿಲ್ಲ. ಬಫೆಯಲ್ಲಿ ತಿಂದು ಜೀನ್ಸ್‌ನಲ್ಲೇ ಹೋಗಿ ಕೂತು ನೋಡಬಹುದು.

ಯಾವ ರಾತ್ರಿ ಬರುತ್ತದೆ ಅಂತ ಊಹಿಸುವುದು

ಇದು ಸುಲಭ. ಮೊದಲ ರಾತ್ರಿ ಇರುವುದಿಲ್ಲ, ಕೊನೆಯ ರಾತ್ರಿಯೂ ಇರುವುದಿಲ್ಲ. ಮೊದಲ ದಿನ ಟರ್ಮಿನಲ್‌ನಲ್ಲಿ ಸೂಟ್‌ಕೇಸ್ ಪೋರ್ಟರ್‌ಗೆ ಕೊಟ್ಟಿರುತ್ತೀರಿ. ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಕೆಲವು ಸಲ ರಾತ್ರಿ 8 ಆಗುತ್ತದೆ. ಕೊನೆಯ ರಾತ್ರಿ ಪ್ಯಾಕ್ ಮಾಡಿ ಬಾಗಿಲ ಹೊರಗೆ ಇಡಬೇಕು. ಹೀಗಾಗಿ ಹೆಚ್ಚಾಗಿ ಎರಡನೇ ರಾತ್ರಿ, ಅಂದರೆ ಹಡಗು ಇಡೀ ದಿನ ಸಮುದ್ರದಲ್ಲೇ ಇರುವ ಮೊದಲ ದಿನ, ಒಂದು ಫಾರ್ಮಲ್ ನೈಟ್. 7 ರಾತ್ರಿಯ ಟ್ರಿಪ್‌ನಲ್ಲಿ ಇನ್ನೊಂದು 5 ಅಥವಾ 6ನೇ ರಾತ್ರಿ. ನಿಮ್ಮ ಹಡಗಿನ ಆ್ಯಪ್‌ನಲ್ಲಿ ದಿನದ ಕಾರ್ಯಕ್ರಮದ ಜೊತೆ ಸಂಜೆಯ ಡ್ರೆಸ್ಸೂ ಬರೆದಿರುತ್ತದೆ. ಕೆಲವು ಹಡಗುಗಳಲ್ಲಿ ಹಾಸಿಗೆ ಮೇಲೆ ಹಾಳೆ ಇಟ್ಟು ಹೋಗುತ್ತಾರೆ. ಬೆಳಿಗ್ಗೆ ಕಾಫಿ ಜೊತೆ ಒಮ್ಮೆ ನೋಡಿಬಿಡಿ.

ಥೀಮ್ ರಾತ್ರಿಗಳು ಬೇರೆ. ವೈಟ್ ಪಾರ್ಟಿ, ನಿಯಾನ್ ಬಣ್ಣ, ಎಪ್ಪತ್ತರ ದಶಕ, ಡಿಸ್ನಿ ಹಡಗಿನಲ್ಲಾದರೆ ಮಕ್ಕಳಿಗಾಗಿ ಕಡಲ್ಗಳ್ಳರ ರಾತ್ರಿ. ಇವಕ್ಕೆ ದುಡ್ಡು ಸುರಿಯಬೇಡಿ. ವೈಟ್ ಪಾರ್ಟಿಗಂತೂ ಒಂದು ಬಿಳಿ ಪಂಚೆ, ಬಿಳಿ ಶರ್ಟು ಸಾಕು. ಜನ ಸಾವಿರಾರು ರೂಪಾಯಿ ಕೊಟ್ಟು ಬಿಳಿ ಲಿನನ್ ಕೊಳ್ಳುತ್ತಾರೆ. ನಮ್ಮಲ್ಲಿ ಅದು ಶ್ರಾವಣ ಶನಿವಾರದ ಬಟ್ಟೆ.

ಸೀರೆ ಉಡುವವರಿಗೆ

ಸೀರೆ ನಡೆಯುತ್ತದಾ? ನಡೆಯುತ್ತದೆ. ಎಷ್ಟೇ ಕಟ್ಟುನಿಟ್ಟಿನ ಹಡಗಿರಲಿ, ಒಂದು ಒಳ್ಳೆಯ ರೇಷ್ಮೆ ಸೀರೆ ಗೌನಿಗೆ ಸರಿಸಮ. ಗೌನ್ ಕೊಂಡರೆ ಆಮೇಲೆ ಬೆಂಗಳೂರಿನಲ್ಲಿ ಎಲ್ಲಿಗೆ ಹಾಕಿಕೊಂಡು ಹೋಗುತ್ತೀರಿ? ಬೀರುವಿನಲ್ಲಿ ಇರುವುದನ್ನೇ ತನ್ನಿ. ಆದರೆ ಯಾವ ಸೀರೆ ಅನ್ನುವುದು ಮುಖ್ಯ.

ಕಾಂಚೀಪುರಂ ಭಾರ ಜಾಸ್ತಿ, ಸೂಟ್‌ಕೇಸಿನಲ್ಲಿ ಮೂರು ಸಲ್ವಾರಿನ ಜಾಗ ಹಿಡಿಯುತ್ತದೆ. ನನ್ನ ಆಯ್ಕೆ ಮೈಸೂರು ಸಿಲ್ಕ್. ದೇಶಾಭಿಮಾನಕ್ಕೆ ಹೇಳುತ್ತಿಲ್ಲ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಈ ಸೀರೆ ಕ್ರೇಪ್ ರೇಷ್ಮೆಯದು. ಕ್ರೇಪ್ ಅಂದರೆ ನೂಲನ್ನು ಜಾಸ್ತಿ ಹೊಸೆದಿರುತ್ತಾರೆ. ಅದಕ್ಕೇ ಮುದುರಿದರೂ ಅದು ಮತ್ತೆ ಬಿಟ್ಟುಕೊಳ್ಳುತ್ತದೆ. ಹಗುರ, ಮಡಿಸಿದರೆ ಒಂದು ಟವಲ್‌ನಷ್ಟು. ಇಸ್ತ್ರಿ ಇಲ್ಲದೆ ಉಡಬಹುದಾದ ರೇಷ್ಮೆ ಇದು. ಬಣ್ಣ ಸಾದಾ, ಅಂಚಿಗೆ ಜರಿ. ಹಡಗಿನ ದೀಪಗಳ ಕೆಳಗೆ ಅಷ್ಟೇ ಸಾಕು. ಜಾರ್ಜೆಟ್, ಶಿಫಾನ್ ಕೂಡ ಮುದುರುವುದಿಲ್ಲ, ಆದರೆ ಗಾಳಿಗೆ ಹಾರುತ್ತವೆ. ಹತ್ತಿ ಸೀರೆ, ಗಂಜಿ ಹಾಕಿದ್ದು, ಟಿಶ್ಯೂ ಬೇಡ.

ಹಾಗೆಂದು ನಾನು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಅವರದ್ದು ಇಳಕಲ್, ತೋಪು ತೆನಿ ಸೆರಗು. ಅದು ಹೊರಗೆ ಬಂದಾಗ ಅಡಿಯಿಂದ ಮುಡಿಯವರೆಗೆ ಗೆರೆ. ಅದನ್ನು ಸರಿ ಮಾಡಿದ್ದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಉಡುವಾಗ ಎರಡು ಮಾತು. ನೆರಿಗೆ ಒಂದು ಬೆರಳು ಮೇಲಕ್ಕೇ ಇರಲಿ, ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುವುದಿಲ್ಲ. ಫಾರ್ಮಲ್ ನೈಟ್‌ನಲ್ಲಿ ಲಿಫ್ಟ್ ಮುಂದೆ ಮದುವೆ ಮನೆಯ ಊಟದ ಹಾಲ್‌ನಷ್ಟು ಜನ. ಮೆಟ್ಟಿಲೇ ಗತಿ. ಸೆರಗಿಗೆ ಭುಜದ ಹತ್ತಿರ ಎರಡು ಪಿನ್ನು, ಒಂದಲ್ಲ. ಊಟಕ್ಕೆ ಮುಂಚೆ ಡೆಕ್‌ನಲ್ಲಿ ಒಂದು ಫೋಟೋ ಅಂತ ಹೋದವರ ಸೆರಗು ಹಿಂದಿನವರ ಮುಖಕ್ಕೆ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಸೆರಗು ನನ್ನದೇ.

ಹೀಲ್ಸ್ ಬೇಡ. ಹಡಗುಗಳಿಗೆ ಓಲಾಟ ತಡೆಯುವ ರೆಕ್ಕೆಗಳಿವೆ, ನಿಜ. ಆದರೂ ತೆರೆದ ಸಮುದ್ರದಲ್ಲಿ ಕಾರಿಡಾರ್ ಒಮ್ಮೊಮ್ಮೆ ಎಡಕ್ಕೆ ವಾಲುತ್ತದೆ, ಕಾಲು ಬಲಕ್ಕೆ ಹೋಗುತ್ತದೆ. ಚಪ್ಪಟೆ ಚಪ್ಪಲಿಯೇ ಸರಿ, ಸೀರೆ ಕೆಳಗೆ ಯಾರು ನೋಡುತ್ತಾರೆ? ಹಾಲ್‌ನಲ್ಲಿ ಎಸಿ ಕೊರೆಯುತ್ತದೆ, ಒಂದು ಶಾಲು ಕೈಯಲ್ಲಿರಲಿ. ಒಡವೆ ವಿಷಯಕ್ಕೆ ಬಂದರೆ, ಅಸಲಿ ಬಂಗಾರ ಲಾಕರ್‌ನಲ್ಲೇ ಬಿಟ್ಟು ಬನ್ನಿ. ಒಂದು ಗ್ರಾಂ ಗೋಲ್ಡ್ ಸರ, ಒಂದು ಜೊತೆ ಜುಮುಕಿ ಸಾಕು. ಕ್ಯಾಬಿನ್‌ನಲ್ಲಿ ಪುಟ್ಟ ಲಾಕರ್ ಇರುತ್ತದೆ, ಪಾಸ್‌ಪೋರ್ಟ್ ಇಡಲು ಅದು ಬೇಕು. ಸೆಂಟು ಹೊಡೆಯುವುದಾದರೆ ಸೀರೆ ಉಡುವ ಮೊದಲು ಮೈಗೆ ಹೊಡೆದುಕೊಳ್ಳಿ, ಜರಿ ಮೇಲೆ ಬೇಡ.

ಸೀರೆ ಒಲ್ಲದವರಿಗೆ ರೇಷ್ಮೆ ಕುರ್ತಾ, ಒಂದು ಒಳ್ಳೆಯ ದುಪಟ್ಟಾ ಧಾರಾಳವಾಯಿತು. ಮದುವೆಯ ಲೆಹಂಗಾ ಮಾತ್ರ ತರಬೇಡಿ. ಕ್ಯಾಬಿನ್ ಬಾತ್‌ರೂಮ್ ಬಾಗಿಲಿನ ಅಗಲ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಮತ್ತೆ ಇನ್ನೊಂದು. ಎರಡು ಫಾರ್ಮಲ್ ನೈಟ್‌ಗೆ ಎರಡು ಸೀರೆ ಬೇಕಿಲ್ಲ. ಒಂದೇ ಸೀರೆ, ಬೇರೆ ಬ್ಲೌಸು. ಮೂರು ಸಾವಿರ ಜನರ ಹಡಗಿನಲ್ಲಿ ನಿಮ್ಮ ಸೀರೆ ಲೆಕ್ಕ ಇಡುವವರು ನಿಮ್ಮ ನಾದಿನಿ ಒಬ್ಬರೇ, ಅವರು ಬಂದಿದ್ದರೆ.

ಗಂಡಸರ ಪಾಡು

ಮನೆಯಲ್ಲಿ ಕೋಟು ಇದೆ, ಮೈಗೆ ಸರಿ ಹೋಗುತ್ತದೆ ಅಂದರೆ ತನ್ನಿ. ಇಲ್ಲದಿದ್ದರೆ ಕ್ರೂಸ್‌ಗಾಗಿ ಹೊಲಿಸಬೇಡಿ. ನಡುವಿನ ಹಡಗುಗಳಲ್ಲಿ ಕಪ್ಪು ಪ್ಯಾಂಟು, ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಶರ್ಟು, ಕಪ್ಪು ಶೂ ಇದ್ದರೆ ಯಾರೂ ಮಾತಾಡುವುದಿಲ್ಲ. ಟೈ ಹಾಕಿದರೆ ಒಂದು ಮಾರ್ಕ್ ಜಾಸ್ತಿ. ಟಕ್ಸಿಡೋ ಬಾಡಿಗೆಗೆ ಸಿಗುತ್ತದಾ ಅಂತ ಕಂಪನಿಯನ್ನು ಮೊದಲೇ ಕೇಳಿ ನೋಡಿ. ಕುನಾರ್ಡ್ ಹತ್ತುವವರು ಇದನ್ನು ಯೋಚಿಸಬಹುದು.

ನನ್ನ ಸಲಹೆ ಬಂದ್‌ಗಲಾ, ಅಂದರೆ ಕತ್ತಿನವರೆಗೆ ಗುಂಡಿ ಇರುವ ಕೋಟು. ಕಪ್ಪು ಅಥವಾ ನೀಲಿ. ಟೈ ಕಟ್ಟುವ ತಾಪತ್ರಯ ಇಲ್ಲ, ಒಳಗಿನ ಶರ್ಟು ಕಾಣುವುದಿಲ್ಲ, ಟಕ್ಸಿಡೋ ಹಾಕಿದವರ ಪಕ್ಕ ಕೂತರೂ ಕಡಿಮೆ ಅನ್ನಿಸುವುದಿಲ್ಲ. ಆಮೇಲೆ ಊರಿನ ಮದುವೆಗಳಿಗೂ ಆಗುತ್ತದೆ. ಕುರ್ತಾ ಮೇಲೆ ತೋಳಿಲ್ಲದ ಜಾಕೆಟ್ ಕೂಡ ಚೆನ್ನ.

ಪಂಚೆ? ಅಂಚಿರುವ ರೇಷ್ಮೆ ಪಂಚೆ, ರೇಷ್ಮೆ ಶರ್ಟು, ಶಲ್ಯ. ನಮ್ಮನೆಯವರು ಅಲಾಸ್ಕಾದಲ್ಲಿ ಎರಡೂ ಫಾರ್ಮಲ್ ನೈಟ್ ಅದರಲ್ಲೇ ಕಳೆದರು. ಒಳಗೆ ಬೆಲ್ಟ್ ಇರಲಿ, ನಾಚಿಕೆ ಬೇಡ. ಮಡಚಿ ಮೇಲೆ ಕಟ್ಟುವ ಅಭ್ಯಾಸ ಇರುವವರು ಆ ಸಂಜೆ ಮಟ್ಟಿಗೆ ಕೈಯನ್ನು ತಡೆದುಕೊಳ್ಳಬೇಕು. ಹಡಗಿನ ಫೋಟೋಗ್ರಾಫರ್ ಇವರೊಬ್ಬರನ್ನೇ ನಾಲ್ಕು ಸಲ ನಿಲ್ಲಿಸಿದ. ಟೆಕ್ಸಸ್‌ನಿಂದ ಬಂದಿದ್ದ ಅಜ್ಜಿಯೊಬ್ಬರು ಇದು ಹೊಲಿಗೆಯಿಲ್ಲದ ಬಟ್ಟೆ ಅಂತ ನಂಬಲೇ ಇಲ್ಲ. ಸಿಂಗಾಪುರದಲ್ಲಿ ಉಸಿರು ಕಟ್ಟಿ ಕೂತಿದ್ದ ಮನುಷ್ಯ ಇಲ್ಲಿ ಐಸ್‌ಕ್ರೀಮ್ ಎರಡನೇ ಸಲ ಹಾಕಿಸಿಕೊಂಡರು.

ಸೂಟ್‌ಕೇಸು, ಇಸ್ತ್ರಿ ಪೆಟ್ಟಿಗೆಯ ಕಥೆ

ಇಲ್ಲಿ ಎಲ್ಲರೂ ಎಡವುತ್ತಾರೆ. ಇಸ್ತ್ರಿ ಪೆಟ್ಟಿಗೆ, ಸ್ಟೀಮರ್, ನೀರು ಕಾಯಿಸುವ ಕೆಟಲ್ ಹಡಗಿಗೆ ತರುವಂತಿಲ್ಲ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ, ಅದಕ್ಕೆ. ನಾನು ಪುಟ್ಟ ಟ್ರಾವೆಲ್ ಇಸ್ತ್ರಿ ಪೆಟ್ಟಿಗೆ ಬಟ್ಟೆ ನಡುವೆ ಇಟ್ಟಿದ್ದೆ. ಎಲ್ಲರ ಸೂಟ್‌ಕೇಸ್ ಬಂದರೂ ನನ್ನದು ಬರಲಿಲ್ಲ. ಫೋನ್ ಮಾಡಿದರೆ ಕೆಳಗಿನ ಡೆಕ್‌ನ ಒಂದು ರೂಮಿಗೆ ಬನ್ನಿ ಅಂದರು. ಅಲ್ಲಿ ಹೋದರೆ ಸಾಲಾಗಿ ಸೂಟ್‌ಕೇಸ್, ಸಾಲಾಗಿ ತಪ್ಪಿತಸ್ಥರು. ನನ್ನ ಮುಂದೆಯೇ ತೆರೆಸಿ, ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟುಕೊಂಡು ಕ್ಯಾಬಿನ್ ನಂಬರ್ ಬರೆದ ಚೀಟಿ ಕೊಟ್ಟರು. ಕೊನೆಯ ದಿನ ವಾಪಸ್.

ಹಾಗಾದರೆ ಗೆರೆ ಬಿದ್ದ ಬಟ್ಟೆಗೆ ಏನು ಮಾಡುವುದು? ಪ್ರಿನ್ಸೆಸ್, ಕಾರ್ನಿವಲ್, ಕುನಾರ್ಡ್ ಹಡಗುಗಳಲ್ಲಿ ಸಾಮಾನ್ಯವಾಗಿ ನಾವೇ ಬಳಸುವ ಲಾಂಡ್ರಿ ರೂಮ್ ಇರುತ್ತದೆ, ಅಲ್ಲೇ ಇಸ್ತ್ರಿ ಮೇಜೂ ಇರುತ್ತದೆ. ಫಾರ್ಮಲ್ ನೈಟ್‌ನ ಸಂಜೆ ಹೋದರೆ ಕ್ಯೂ, ಮೊದಲ ರಾತ್ರಿಯೇ ಮುಗಿಸಿಕೊಳ್ಳಿ. ರಾಯಲ್ ಕೆರಿಬಿಯನ್‌ನಲ್ಲಿ ಆ ವ್ಯವಸ್ಥೆ ಇಲ್ಲ, ದುಡ್ಡು ಕೊಟ್ಟು ಇಸ್ತ್ರಿಗೆ ಕಳಿಸಬೇಕು. ಬಾತ್‌ರೂಮಿನಲ್ಲಿ ಬಟ್ಟೆ ನೇತು ಹಾಕಿ ಬಿಸಿನೀರು ಬಿಟ್ಟು ಹಬೆ ಹಿಡಿಸುವುದು ಹಳೆಯ ಉಪಾಯ. ಕೋಟಿಗೆ ಕೆಲಸ ಮಾಡುತ್ತದೆ, ಸೀರೆಗೆ ಅಷ್ಟಕ್ಕಷ್ಟೆ.

ನಮ್ಮ ಇಳಕಲ್ ಸೀರೆ ಕಾಪಾಡಿದ್ದು ಅತ್ತೆಯ ವಿದ್ಯೆ. ಮೊದಲ ರಾತ್ರಿಯೇ ಸೀರೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ, ಕೈಯಿಂದ ನೀವಿ, ಹಾಸಿಗೆಯ ಕೆಳಗೆ ಇಟ್ಟು ಅದರ ಮೇಲೆ ಮಲಗಿದರು. ಬೆಳಿಗ್ಗೆ ಎದ್ದರೆ ಡ್ರೈ ಕ್ಲೀನಿಂಗ್‌ನಿಂದ ಬಂದ ಹಾಗೆ. ಅಷ್ಟಕ್ಕೇ ನಿಲ್ಲಲಿಲ್ಲ. ಮಗನ ಶರ್ಟಿನ ಕಾಲರ್ ಮಡಚಿಕೊಂಡಿತ್ತು. ಎಲ್ಲಿಗೆ ಹೋದರೂ ಜೊತೆಗೊಯ್ಯುವ ಸ್ಟೀಲ್ ತಂಬಿಗೆ ನನ್ನ ಕೈಗೆ ಕೊಟ್ಟು, ಬಫೆಯ ಟೀ ನಲ್ಲಿಯಿಂದ ಕುದಿಯುವ ನೀರು ತರಿಸಿದರು. ಮೇಜಿನ ಮೇಲೆ ಟವಲ್ ಹಾಸಿ, ತಂಬಿಗೆಯ ಕುತ್ತಿಗೆ ಬಟ್ಟೆಯಲ್ಲಿ ಹಿಡಿದು, ಅದರ ತಳವನ್ನು ಕಾಲರ್ ಮೇಲೆ ಮೆಲ್ಲಗೆ ಎಳೆದರು. ಅವರ ಕಾಲದಲ್ಲಿ ಒಳಗೆ ಕೆಂಡ ಹಾಕುತ್ತಿದ್ದರಂತೆ. ಇಲ್ಲಿ ಕೆಂಡ ಹಾಕಿದ್ದರೆ ಅತ್ತೆಗೂ ಒಂದು ಚೀಟಿ ಬರೆದು ಕೊಡುತ್ತಿದ್ದರು.

ಕೋಟು ತರುವವರು ಹೀಗೆ ಮಡಿಸಿ. ಒಂದು ಭುಜವನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ. ಇನ್ನೊಂದು ಭುಜವನ್ನು ಅದರೊಳಗೆ ತೂರಿಸಿ. ಉದ್ದಕ್ಕೆ ಮಡಚಿ, ನಡುವೆ ಒಂದು ಟೀ ಶರ್ಟು ಸುರುಳಿ ಇಟ್ಟು ಅಡ್ಡಕ್ಕೆ ಮಡಚಿ. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಡಿ. ಇನ್ನೂ ಸುಲಭ ಅಂದರೆ ವಿಮಾನದಲ್ಲಿ ಹಾಕಿಕೊಂಡೇ ಬನ್ನಿ, ತೂಕವೂ ಉಳಿಯಿತು.

ಇನ್ನು ಎರಡು ಸಣ್ಣ ವಿಷಯ. ಕ್ಯಾಬಿನ್ ಗೋಡೆಗಳು ಹೆಚ್ಚಾಗಿ ಉಕ್ಕಿನವು, ಅಯಸ್ಕಾಂತದ ಕೊಕ್ಕೆ ಅಂಟುತ್ತದೆ. ನಾಲ್ಕು ಕೊಕ್ಕೆ ತಂದರೆ ಸೀರೆ, ಪಂಚೆ, ಶಲ್ಯ ಎಲ್ಲ ಗೋಡೆಗೇ ತೂಗುತ್ತವೆ. ಪುಟ್ಟ ಬೀರುವಿನಲ್ಲಿ ಮೂರು ಜನರ ಜಗಳ ತಪ್ಪುತ್ತದೆ. ಎರಡನೆಯದು, ಫಾರ್ಮಲ್ ಬಟ್ಟೆಯನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಸಿಂಗಾಪುರಕ್ಕೆ ಹೋಗುವಾಗ ನಮ್ಮ ಪರಿಚಯದ ದಂಪತಿಯ ಸೂಟ್‌ಕೇಸ್ ವಿಮಾನದವರು ಬೇರೆಲ್ಲಿಗೋ ಕಳಿಸಿದ್ದರು. ಹಡಗು ಹೊರಟಿತು, ಸೂಟ್‌ಕೇಸ್ ಬರಲಿಲ್ಲ. ಹಡಗಿನ ಅಂಗಡಿಯಲ್ಲಿ ಕೊಂಡ ಎರಡು ಟೀ ಶರ್ಟಿನಲ್ಲೇ ನಾಲ್ಕು ದಿನ ಕಳೆದರು.

ಆ ಸಂಜೆ

ಮೂರು ಜನ ಒಂದೇ ಕ್ಯಾಬಿನ್‌ನಲ್ಲಿ, ಒಂದೇ ಬಾತ್‌ರೂಮು. ಆದ್ದರಿಂದ ಒಂದೂವರೆ ಗಂಟೆ ಮೊದಲೇ ಶುರು ಮಾಡಿ. ಸೀರೆ ಉಡುವವರು ಕೊನೆಗೆ ಉಡಿ, ಉಳಿದವರನ್ನು ಹೊರಗೆ ಕಳಿಸಿ. ಇಲ್ಲದಿದ್ದರೆ ಅಲ್ಲಿ ನೆರಿಗೆ ಹಿಡಿಯಲು ಜಾಗ ಇಲ್ಲ. ನಾನು ಒಂದು ಕಾಲು ಬಾತ್‌ರೂಮಿನಲ್ಲಿ, ಒಂದು ಕಾಲು ಹೊರಗೆ ಇಟ್ಟುಕೊಂಡು ನೆರಿಗೆ ಹಿಡಿದೆ.

ಊಟಕ್ಕೆ ಅರ್ಧ ಗಂಟೆ ಮೊದಲು ಹಡಗಿನ ನಡುವಿನ ದೊಡ್ಡ ಹಜಾರಕ್ಕೆ ಹೋಗಿ. ಕ್ಯಾಪ್ಟನ್ ಬಂದು ಮಾತಾಡುವುದು, ಜನ ನೋಡುವುದು, ಫೋಟೋ ಎಲ್ಲ ಅಲ್ಲೇ. ಫೋಟೋಗ್ರಾಫರ್‌ಗಳು ಬಣ್ಣಬಣ್ಣದ ಪರದೆ ಕಟ್ಟಿಕೊಂಡು ಕೂತಿರುತ್ತಾರೆ. ತೆಗೆಸಿಕೊಳ್ಳುವುದಕ್ಕೆ ದುಡ್ಡಿಲ್ಲ, ಪ್ರಿಂಟ್ ಬೇಕಾದರೆ ಮಾತ್ರ. ನಮಗೆ ಒಂದಕ್ಕೆ 20 ಡಾಲರ್ ಆಸುಪಾಸು ಹೇಳಿದರು. ಎಲ್ಲ ಪರದೆಯ ಮುಂದೆಯೂ ನಿಂತು ಬನ್ನಿ, ಕೊನೆಗೆ ಚೆನ್ನಾಗಿರುವ ಒಂದನ್ನು ಮಾತ್ರ ಕೊಳ್ಳಿ. ಇಡೀ ಕುಟುಂಬ ತಲೆ ಬಾಚಿಕೊಂಡು ಒಂದೇ ಕಡೆ ನಿಂತ ಫೋಟೋ ಎಷ್ಟು ವರ್ಷಕ್ಕೊಮ್ಮೆ ಸಿಗುತ್ತದೆ? ಡ್ರೆಸ್ ಮಾಡಿಕೊಳ್ಳಬೇಕಾ ಬೇಡವಾ ಅಂತ ಕೇಳಿದರೆ ನಾನು ಒಂದು ರಾತ್ರಿ ಮಾಡಿಕೊಳ್ಳಿ ಅನ್ನುವುದು ಈ ಒಂದು ಕಾರಣಕ್ಕೆ. ಎರಡನೇ ರಾತ್ರಿ ಮನಸ್ಸಿದ್ದರೆ ನೋಡಿ. ಇಲ್ಲದಿದ್ದರೆ ಬಫೆಯಲ್ಲಿ ಕಿಟಕಿ ಪಕ್ಕದ ಟೇಬಲ್ ಖಾಲಿ ಇರುತ್ತದೆ, ಎಲ್ಲರೂ ಕೆಳಗಿನ ಹಾಲ್‌ನಲ್ಲಿರುತ್ತಾರೆ.

ಮಕ್ಕಳಿಗೆ ಕಾಲರ್ ಇರುವ ಶರ್ಟು, ಪ್ಯಾಂಟು ಸಾಕು. ನಮ್ಮ 6 ವರ್ಷದ ಮೊಮ್ಮಗ ಶೇರ್ವಾನಿಯಲ್ಲಿ ಹತ್ತು ನಿಮಿಷ ಇದ್ದ, ಹನ್ನೊಂದನೇ ನಿಮಿಷಕ್ಕೆ ಬಿಚ್ಚಿ ಕೊಟ್ಟ. ವಯಸ್ಸಾದವರಿಗೆ ಮೊದಲ ಪಂಕ್ತಿಯನ್ನೇ ಕೇಳಿ ಪಡೆಯಿರಿ. ಎರಡನೇ ಪಂಕ್ತಿ ಶುರುವಾಗುವುದೇ 8ರ ಹೊತ್ತಿಗೆ. ನಾಲ್ಕು ಬಾರಿ ತಟ್ಟೆ ಬದಲಾಗಿ ಏಳುವಾಗ 10 ದಾಟಿರುತ್ತದೆ. ಶುಗರ್ ಮಾತ್ರೆ ನುಂಗುವವರಿಗೆ ಅದು ಆಗದು.

ಕೊನೆಯ ರಾತ್ರಿ ಪ್ಯಾಕಿಂಗ್

ಕೊನೆಯ ರಾತ್ರಿ ಸೂಟ್‌ಕೇಸ್‌ಗಳಿಗೆ ಹಡಗಿನವರು ಕೊಟ್ಟ ಬಣ್ಣದ ಚೀಟಿ ಕಟ್ಟಿ, ಮಲಗುವ ಮುಂಚೆ ಬಾಗಿಲ ಹೊರಗೆ ಇಡಬೇಕು. ರಾತ್ರಿಯೇ ತೆಗೆದುಕೊಂಡು ಹೋಗುತ್ತಾರೆ. ಮತ್ತೆ ಸಿಗುವುದು ಮರುದಿನ, ಕೆಳಗಿಳಿದ ಮೇಲೆ ಟರ್ಮಿನಲ್‌ನಲ್ಲಿ. ಆದ್ದರಿಂದ ಬೆಳಿಗ್ಗೆಗೆ ಬೇಕಾದ ಬಟ್ಟೆ, ಶೂ, ಮಾತ್ರೆ, ಪಾಸ್‌ಪೋರ್ಟ್ ಮೊದಲು ತೆಗೆದು ಹಾಸಿಗೆ ಮೇಲೆ ಇಟ್ಟುಕೊಂಡು, ಆಮೇಲೆ ಸೂಟ್‌ಕೇಸ್ ಮುಚ್ಚಿ.

ನಮ್ಮನೆಯವರು ಅಚ್ಚುಕಟ್ಟಿನ ಮನುಷ್ಯ. ಅಲಾಸ್ಕಾದ ಕೊನೆಯ ರಾತ್ರಿ ಇಬ್ಬರದ್ದೂ ಅವರೇ ಪ್ಯಾಕ್ ಮಾಡಿ, ಇದ್ದ ಪ್ಯಾಂಟುಗಳನ್ನೆಲ್ಲ ಸುರುಳಿ ಸುತ್ತಿ ತುಂಬಿ, ಬೀಗ ಹಾಕಿ, ಹೊರಗಿಟ್ಟು, ಚೌಕುಳಿ ಲುಂಗಿಯಲ್ಲಿ ಮಲಗಿದರು. ಬೆಳಿಗ್ಗೆ 6 ಗಂಟೆಗೆ ಎದ್ದು ಪ್ಯಾಂಟು ಹುಡುಕಿದರು. ಬೀರು ಖಾಲಿ. ಗೋಡೆಯ ಕೊಕ್ಕೆಯಲ್ಲಿ ಗಾಳಿಗೆ ಅಂತ ತೂಗುಹಾಕಿದ್ದ ರೇಷ್ಮೆ ಪಂಚೆಯೊಂದೇ ಉಳಿದಿತ್ತು. ಲುಂಗಿಯಾ, ಪಂಚೆಯಾ ಅಂತ ಎರಡು ನಿಮಿಷ ಯೋಚಿಸಿ, ಪಂಚೆ ಉಟ್ಟು, ಮೇಲೆ ಅಳಿಯನ ಜರ್ಕಿನ್ ಹಾಕಿಕೊಂಡು ತಿಂಡಿಗೆ ಬಂದರು. ಟೆಕ್ಸಸ್ ಅಜ್ಜಿ ದೂರದಿಂದಲೇ ಕೈ ಬೀಸಿದರು. ಸಿಯಾಟಲ್‌ನಲ್ಲಿ ಇಳಿದಾಗ ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟ್ ನೋಡಿದ, ಜರಿ ಅಂಚು ನೋಡಿದ, ಮತ್ತೆ ಪಾಸ್‌ಪೋರ್ಟ್ ನೋಡಿದ. ಹಿಂದೆ ನಿಂತಿದ್ದ ಅತ್ತೆ ಕನ್ನಡದಲ್ಲೇ ಅವನಿಗೆ ವಿವರಿಸಿದರು: "ಪ್ಯಾಂಟು ಎಲ್ಲಾ ಪೆಟ್ಟಿಗ್ಯಾಗ ಇಟ್ಟಾನಪ್ಪ."